ಪಡಸಾಲೆಯ ಚಿತ್ರ ಬರೆಯುವ ಮುನ್ನ

ಡಿ.ವಿ. ಹಾಲಭಾವಿಯವರು ಕಲಾಶಾಲೆ ಕಟ್ಟಿದ ಧಾರವಾಡದಲ್ಲಿ ಮನೆತನದ ಹಳೆಯ ದಿನಗಳನ್ನು ಚಿತ್ರಿಸಬಯಸುವ ಎಳೆಯರಿಗೆ ಇಂದಿಗೂ ಕೊರತೆಯಿಲ್ಲ. ಅಂಥವರು ಕುಂಚ ಹಿಡಿಯುವ ಮೊದಲು ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಕೌಟುಂಬಿಕ ಚಿತ್ರಗಳನ್ನು ನಿಧಾನವಾಗಿ ನೋಡಬೇಕು. 1861ರಿಂದ 1865ರವರೆಗಿನ ಅಂತರ್ಯುದ್ಧ ಮುಗಿದು, ಹಳ್ಳಿಯ ಮಕ್ಕಳು ಪಟ್ಟಣಗಳ ದಾರಿ ಹಿಡಿದ ಕಾಲದಲ್ಲಿ, ಬಿಟ್ಟುಬಂದ ಮನೆಯ ಹಂಬಲವನ್ನು ಬಣ್ಣದಲ್ಲಿ ಹಿಡಿಯುವ ಕಸುಬು ಅಲ್ಲಿ ಚೆನ್ನಾಗಿ ಬೆಳೆದಿತ್ತು.

ಥಾಮಸ್ ಹೋವೆಂಡನ್ 1890ರಲ್ಲಿ ಬರೆದ ‘ಬ್ರೇಕಿಂಗ್ ಹೋಂ ಟೈಸ್’ನಿಂದ ಆರಂಭಿಸಿ. 1893ರ ಷಿಕಾಗೋ ವಿಶ್ವಮೇಳದಲ್ಲಿ ಜನರ ಮನಸ್ಸನ್ನು ಬಹುವಾಗಿ ಸೆಳೆದ ಈ ಕೃತಿ ಈಗ ಫಿಲಡೆಲ್ಫಿಯಾ ಕಲಾ ಸಂಗ್ರಹಾಲಯದಲ್ಲಿದೆ. ಮನೆ ಬಿಟ್ಟು ಹೊರಟ ಮಗನ ಹೆಗಲ ಮೇಲೆ ತಾಯಿ ಕೈಯಿಟ್ಟಿದ್ದಾಳೆ. ಅವಳ ಕಣ್ಣು ಅವನ ಮುಖದಲ್ಲಿ, ಅವನ ಕಣ್ಣು ಮಾತ್ರ ಅವಳನ್ನು ದಾಟಿ ಎಲ್ಲೋ ಇದೆ. ಚೀಲ ಹಿಡಿದ ತಂದೆ ನಮಗೆ ಬೆನ್ನು ತಿರುಗಿಸಿದ್ದಾನೆ. ನನ್ನ ಮಟ್ಟಿಗೆ ಇಡೀ ಚಿತ್ರದಲ್ಲಿ ಹೆಚ್ಚು ಕಾಡುವುದು ಆ ಬೆನ್ನೇ. ತಾಯಿ-ಮಗನನ್ನು ಅಂಗೈಯಿಂದ ಮುಚ್ಚಿ ಉಳಿದ ಭಾಗವನ್ನಷ್ಟೇ ನೋಡಿ: ನಾಯಿ, ಊಟದ ಮೇಜು, ಕುಳಿತ ಅಜ್ಜಿ, ಎಲ್ಲವೂ ಅಗಲಿಕೆಯನ್ನೇ ಹೇಳುತ್ತಿರುವುದು ತಿಳಿಯುತ್ತದೆ.

ಇನ್ನು ನಿಮ್ಮ ಚಿತ್ರ. ಮಗ ಹುಬ್ಬಳ್ಳಿಯಿಂದ ಬೆಂಗಳೂರಿನ ರೈಲು ಹತ್ತಲಿದ್ದಾನೆ, ಅವ್ವ ಬುತ್ತಿ ಕಟ್ಟುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಮುಖಗಳನ್ನು ಕೊನೆಗೆ ಬಿಟ್ಟು, ಮೊದಲು ಪೆನ್ಸಿಲಿನಲ್ಲಿ ಕೈಗಳನ್ನು ಬರೆಯಿರಿ. ಸಜ್ಜಿ ರೊಟ್ಟಿಯ ಮೇಲೆ ಮಡಿಸಿದ ಬಿಳಿ ಬಟ್ಟೆಯ ನಾಲ್ಕು ತುದಿಗಳನ್ನು ಅವಳು ಎಳೆದು ಗಂಟು ಹಾಕುವಾಗ ಬೆರಳ ಗೆಣ್ಣು ಬಿಳಿಚುವುದು, ಬಟ್ಟೆಯ ನೆರಿಗೆಗಳು ಗಂಟಿನ ಕಡೆಗೆ ಸೆಳೆದುಕೊಳ್ಳುವುದು ಸರಿಯಾಗಿ ಮೂಡಿದರೆ ಕಣ್ಣೀರು ಬರೆಯುವ ಅಗತ್ಯವೇ ಬೀಳದು. ಬೆಳಕು ಬೆಳಕಿಂಡಿಯಿಂದಲೋ ಬಾಗಿಲಿನಿಂದಲೋ, ಒಂದೇ ಕಡೆಯಿಂದ ಬರಲಿ. ತೊಲೆ, ಕಂಬ, ಗೂಡುಗಳು ನೆರಳಿಗೆ ಸರಿಯಲಿ. ನೆನಪಾದದ್ದನ್ನೆಲ್ಲ ತುಂಬಿಸುವ ಆಸೆಯನ್ನು ತಡೆಯಬೇಕು, ಆ ಮನೆಗೇ ಸೇರಿದ ಎರಡು ಮೂರು ಸಾಮಾನು ಸಾಕು.

ಜನಸಂದಣಿಯಿರುವ ದೃಶ್ಯಕ್ಕೆ ಈಸ್ಟ್‌ಮನ್ ಜಾನ್ಸನ್ 1870–71ರಲ್ಲಿ ಬರೆದ ಹ್ಯಾಚ್ ಕುಟುಂಬದ ಚಿತ್ರವನ್ನು ನೋಡಿ. ಮೂರು ತಲೆಮಾರಿನವರನ್ನು ಅವರು ಸಾಲಾಗಿ ನಿಲ್ಲಿಸದೆ ಗುಂಪುಗುಂಪಾಗಿ ಕೂಡಿಸಿದ್ದಾರೆ.

ಹಂಬಲದ ಚಿತ್ರಗಳಲ್ಲಿ ಮನೆಯ ಕೆಲಸವನ್ನು ಹೊತ್ತವರು ಸುಲಭವಾಗಿ ಮರೆಯಾಗುತ್ತಾರೆ. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದವಳು ಆ ಬೆಳಗ್ಗೆ ನಿಜವಾಗಿಯೂ ಅಲ್ಲಿದ್ದರೆ, ಅವಳಿಗೂ ಮೊದಲ ಕರಡಿನಲ್ಲೇ ಜಾಗ ಮಾಡಿಕೊಡಿ. ಚಿತ್ರ ಮುಗಿದ ಬಳಿಕ ಮೂಲೆಯಲ್ಲಿ ಸೇರಿಸಿದ ಆಕೃತಿ ಮನೆಯವಳಂತೆ ಕಾಣುವುದಿಲ್ಲ.