ಡಿಟಿಎಚ್ ಎಲ್‌ಎನ್‌ಬಿಗೆ ಸಿಕ್ಕ ಮೆಥನಾಲ್ ಮೇಸರ್: ನನ್ನ ಅನುಭವ

ಹುಟ್ಟುತ್ತಿರುವ ನಕ್ಷತ್ರದ ಗೆರೆ ತಾರಸಿ ಮೇಲಿನ ಡಿಶ್‌ಗೆ ಸಿಗೋದಾ, ಆಗದ ಮಾತು ಅಂದವರೇ ಎಲ್ಲ. ಮೆಥನಾಲ್ ಮೇಸರ್ ಅಂದರೆ ಅಂಥ ನಕ್ಷತ್ರದ ಸುತ್ತಲಿನ ಅನಿಲದಲ್ಲಿ ಮೆಥನಾಲ್ ಅಣುಗಳು ಲೇಸರ್‌ನಂತೆ ಬಲಪಡಿಸುವ ರೇಡಿಯೋ ಅಲೆ; ಆವರ್ತನದ ನಕ್ಷೆಯಲ್ಲಿ ಅದು ಚೂಪು ಗೆರೆಯಾಗಿ ಕಾಣುತ್ತದೆ. ಪುಣೆ ಬಳಿಯ ದೊಡ್ಡ ರೇಡಿಯೋ ದೂರದರ್ಶಕ ಜಿಎಂಆರ್‌ಟಿಯ ಮಿತಿ 1.4 ಗಿಗಾಹರ್ಟ್ಸ್ ಆಸುಪಾಸು, ಮೆಥನಾಲ್‌ನ 12.178 ಅದಕ್ಕೆ ಎಟುಕುವುದೇ ಇಲ್ಲ. ಟಿವಿ ಡಿಶ್‌ನ ಮುಂದೆ ಕೂರುವ ಪುಟ್ಟ ರಿಸೀವರ್, ಅಂದರೆ ಡಿಟಿಎಚ್ ಎಲ್‌ಎನ್‌ಬಿಗೆ ಎಟುಕುತ್ತದೆ! ಕಳೆದ ಡಿಸೆಂಬರ್‌ನಲ್ಲಿ ತುಮಕೂರಿನ ನಮ್ಮ ಮನೆ ಮೇಲಿಂದಲೇ ಡಬ್ಲ್ಯೂ3(ಓಎಚ್) ಎಂಬ ನಕ್ಷತ್ರ ಹುಟ್ಟುವ ತಾಣದ ಮೇಸರ್ ಸಿಕ್ಕಿತು.

ಮೊದಲು ದುಡ್ಡು ಸುರಿದದ್ದು ಕೇಬಲ್‌ನವರ ಹಳೇ ಎಂಟಡಿ ಜಾಲರಿ ಡಿಶ್‌ಗೆ. ಗುಜರಿಯಲ್ಲಿ ಎರಡು ಸಾವಿರ, ಸಾಗಿಸಲು ಹೆಚ್ಚುಕಡಿಮೆ ಅಷ್ಟೇ. ಎರಡೂವರೆ ಸೆಂಟಿಮೀಟರ್ ತರಂಗಕ್ಕೆ ಅದರ ಉಬ್ಬುತಗ್ಗು ಸುತರಾಂ ಒಗ್ಗಲಿಲ್ಲ. ಸೂರ್ಯನೇ ಮಂಕಾಗಿ ಕಂಡ. ಈಗ ಅದಕ್ಕೆ ಹೀರೇಬಳ್ಳಿ ಹಬ್ಬಿಸಿದ್ದೇವೆ. ಆಮೇಲೆ ತಂದದ್ದು 1.8 ಮೀಟರ್ ಆಫ್‌ಸೆಟ್ ಡಿಶ್, ಎಂಟು ಸಾವಿರವೇನೋ.

ನಿಜವಾದ ತಲೆನೋವು ಎಲ್‌ಎನ್‌ಬಿಯ ಆವರ್ತನ ಹಿಡಿದಿಡುವ ಕ್ರಿಸ್ಟಲ್. ಗೆರೆಯ ಅಗಲ 20 ಕಿಲೋಹರ್ಟ್ಸ್ ಇದ್ದರೆ ಹೆಚ್ಚು. ರಾತ್ರಿ ತಣ್ಣಗಾಗುವಷ್ಟರಲ್ಲಿ ಕ್ರಿಸ್ಟಲ್ ಅದನ್ನೂ ಮೀರಿ ಸರಿದಿರುತ್ತದೆ. ಅದನ್ನು ಕಿತ್ತು ಹೊರಗಿನಿಂದ 25 ಮೆಗಾಹರ್ಟ್ಸ್ ಕೊಡಬೇಕು. ನಾಲ್ಕುನೂರು ರೂಪಾಯಿಯ ಎಲ್‌ಎನ್‌ಬಿಗಳು ಒಂದೊಂದಾಗಿ ಬೆಸುಗೆಯಲ್ಲೇ ಸತ್ತವು. ಆ ಆವರ್ತನವನ್ನು ಕದಲದಂತೆ ಕೊಡುವ ಜಿಪಿಎಸ್ ರೆಫರೆನ್ಸ್‌ಗೆ ಕಸ್ಟಮ್ಸ್ ಸೇರಿ ಇಪ್ಪತ್ತು ಸಾವಿರದ ಹತ್ತಿರ, ಒಟ್ಟು ಖರ್ಚಿನ ಅರ್ಧ. ಬೋರ್ಡ್ ಸುಡದಂತೆ ಅದನ್ನು ಒಳಗೆ ಸೇರಿಸುವ ಕೈಚಳಕ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬಂದ ಆವರ್ತನದಿಂದ ಎಲ್‌ಎನ್‌ಬಿ ಕಳೆಯುವ ಲೋಕಲ್ ಆಸಿಲೇಟರ್‌ನ್ನು 10.6 ಗಿಗಾಹರ್ಟ್ಸ್‌ಗೆ ಇಟ್ಟರೆ ಗೆರೆ 1580 ಮೆಗಾಹರ್ಟ್ಸ್ ಸುತ್ತ ಬೀಳುತ್ತದೆ. ಜಿಪಿಎಸ್‌ನ 1575 ಪಕ್ಕದಲ್ಲೇ ಇದೆಯಲ್ಲ, ಕಂಪ್ಯೂಟರ್‌ಗೆ ಸಿಗಿಸುವ ರೇಡಿಯೋ ಡಾಂಗಲ್‌ನ್ನು ಬಿಸ್ಕೆಟ್ ಡಬ್ಬಿಯೊಳಗೆ ಹಾಕಿದ ಮೇಲೇ ನೆಮ್ಮದಿ.

ಡಬ್ಲ್ಯೂ3(ಓಎಚ್) ನಮಗೆ ಏರುವುದು ಉತ್ತರಕ್ಕೆ 41 ಡಿಗ್ರಿ ಎತ್ತರ. ಡಿಶ್ ಅಲುಗಿಸದಿದ್ದರೆ ಎಂಟು ನಿಮಿಷದಲ್ಲಿ ಬೀಮ್, ಅಂದರೆ ಡಿಶ್‌ಗೆ ಕಾಣುವ ಆಕಾಶದ ತುಣುಕು, ದಾಟಿಬಿಡುತ್ತದೆ. ಡಿಶ್ ತಳ್ಳುವ ಮೋಟಾರು, ಆಕ್ಚುವೇಟರ್‌ನಿಂದ ಹಿಂಬಾಲಿಸಿ ಒಂದೆರಡು ಗಂಟೆಯದ್ದು ಕೂಡಿಸಿದಾಗ ಚೂಪಾಗಿ ಎದ್ದಿತು. ‘ಪಕ್ಕದ ಮನೆ ವೈಫೈ ಇರಬೇಕು’ ಅಂತ ಒಬ್ಬರು ನಕ್ಕರು. ವಾರ ಬಿಟ್ಟು ಅದೇ ಗೆರೆ 90 ಕಿಲೋಹರ್ಟ್ಸ್‌ನಷ್ಟು ಕೆಳಗೆ ಜಾರಿತ್ತು. ಭೂಮಿ ಸೂರ್ಯನನ್ನು ಸುತ್ತುವ ವೇಗವನ್ನೂ ಸೂರ್ಯನದೇ ಚಲನೆಯನ್ನೂ ಕಳೆದರೆ ಎರಡು ದಿನದ್ದೂ ಸೆಕೆಂಡಿಗೆ ಮೈನಸ್ 44 ಕಿಲೋಮೀಟರ್ ಹತ್ತಿರವೇ ಬಂದು ಕೂತವು. ಯಾವ ವೈಫೈ ಹೀಗೆ ಪಂಚಾಂಗ ನೋಡಿ ಜಾರುತ್ತದೆ? ಈ ತಿದ್ದುಪಡಿ ಮಾಡದೆ ದಿನಗಳನ್ನು ಒಟ್ಟು ಹಾಕಬೇಡಿ, ಗೆರೆ ಕಲಸಿಹೋಗುತ್ತದೆ. ಅಮೆರಿಕದ ರೇಡಿಯೋ ದೂರದರ್ಶಕಗಳ ಜಾಲ ವಿಎಲ್‌ಬಿಎ ಬಳಸಿ ನಮ್ಮ ಗ್ಯಾಲಕ್ಸಿಯ ಪರ್ಸಿಯಸ್ ಸುರುಳಿ ತೋಳಿನ ದೂರ, ಸುಮಾರು 6,400 ಜ್ಯೋತಿರ್ವರ್ಷ ಅಂತ 2006ರಲ್ಲಿ ಅಳೆದದ್ದೂ ಇದೇ ಗೆರೆಯಿಂದ.

ನಡುವೆ 13-18 ವೋಲ್ಟ್ ಬದಲಿಸಿ ಎರಡೂ ಪೋಲರೈಸೇಷನ್ (ಅಲೆ ಕಂಪಿಸುವ ದಿಕ್ಕು) ನೋಡಿದೆ; ಎತ್ತರ ಹೆಚ್ಚುಕಡಿಮೆ ಒಂದೇ. ಎರಡನ್ನೂ ಸೇರಿಸಿಕೊಳ್ಳಬಹುದು. ದಕ್ಷಿಣದ ಇನ್ನೊಂದು ಮೆಥನಾಲ್ ಮೇಸರ್ ಎನ್‌ಜಿಸಿ 6334ಎಫ್ ಕೂಡ ನಮಗೆ 41 ಡಿಗ್ರಿಗೇ ಏರುತ್ತದೆ, ಮೇಲೆ-ಕೆಳಗಿನ ಓರೆ ಮುಟ್ಟದೆ ಡಿಶ್ ತಿರುಗಿಸಿದರಾಯಿತು. ಮಾರ್ಚ್‌ನ ಬೆಳಗಿನ ಜಾವ ತಿರುಗಿಸಿದೆ. ಎದುರಿಗೆ ನಮ್ಮದೇ ನೀರಿನ ಟ್ಯಾಂಕು. ಪ್ಲಂಬರ್ ಮೂರು ಸಾವಿರ ಕೇಳುತ್ತಿದ್ದಾನೆ.