ಹೊಳೆ ನೀರು ಎಲ್ಲಿವರೆಗೆ ಬರುತ್ತೆ? ಊರಲ್ಲೇ ಗುರುತು ಹಾಕುವುದು ಹೀಗೆ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಕೊಣ್ಣೂರಿನಂಥ ದಂಡೆ ಊರುಗಳಿಗೇ ನೀರು ನುಗ್ಗಿತು. ಈಗಲೂ ನವಿಲುತೀರ್ಥ ಅಣೆಕಟ್ಟು ತುಂಬಿದರೆ ಮೊಬೈಲಿಗೆ ಬರುವ ಸುದ್ದಿ ‘ಇಷ್ಟು ಸಾವಿರ ಕ್ಯೂಸೆಕ್ ಬಿಡುತ್ತಾರೆ’ ಅಂತ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಸರಿ, ನೀರು ಗುಡಿ ಕಟ್ಟೆಗೆ ನಿಲ್ಲುತ್ತೋ, ಅಡುಗೆಮನೆಗೆ ಬರುತ್ತೋ? ಜನಕ್ಕೆ ಬೇಕಾದ್ದು ಅದು ಅಲ್ವಾ?

ಮೊದಲು ಹಳೇ ನೀರಿನ ಗೆರೆ ಹುಡುಕಿ. ಹೆಚ್ಚಿನವರು ಎಡವುವುದು ಇಲ್ಲೇ. ಗೋಡೆ ನೀರು ಹೀರಿ ತೇವ ಮೇಲೇರಿರುತ್ತದೆ. ಆ ಕಲೆಯನ್ನೇ ನೀರಿನ ಮಟ್ಟ ಅಂದುಕೊಳ್ಳುತ್ತಾರೆ. ಕೆಸರಿನ ಗೆರೆ ನೋಡಿ. ಬಾಗಿಲ ಹಿಂದೆ, ಕಪಾಟಿನ ಬೆನ್ನಿಗೆ ಸಿಗಬಹುದು. ಅಕ್ಕಪಕ್ಕದ ಎರಡು ಮನೆಯವರನ್ನು ಬೇರೆಬೇರೆಯಾಗಿ ಕೇಳಿ. ಒಟ್ಟಿಗೆ ಕೇಳಿದರೆ ದೊಡ್ಡ ದನಿಯವರ ಮಾತೇ ಗೆಲ್ಲುತ್ತದೆ.

ಆ ಮಟ್ಟವನ್ನು ಹತ್ತಿರದ ಕರೆಂಟ್ ಕಂಬಕ್ಕೆ ದಾಟಿಸಿ. ಗೌಂಡಿಯ ಲೆವೆಲ್ ಪೈಪ್ ಸಾಕು: ನೀರು ತುಂಬಿದ ಪಾರದರ್ಶಕ ಪೈಪು, ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಪೈಪಿನಲ್ಲಿ ಒಂದು ಗುಳ್ಳೆ ಉಳಿದರೂ ಲೆಕ್ಕ ತಪ್ಪುತ್ತದೆ. ಬೆರಳಿನಿಂದ ತಟ್ಟಿ ಹೊರಡಿಸಿ. ಒಂದೇ ಗೆರೆಯನ್ನು ಊರೆಲ್ಲ ಎಳೆಯಬೇಡಿ, ಹರಿಯುವ ನೀರು ಇಳಿಜಾರಾಗಿರುತ್ತದೆ. ಓಣಿಗೊಂದು ಗುರುತು ಬೇಕು. ಡಿಸ್ಟೆಂಪರ್ ಬೇಡ, ಬೇಗ ಅಳಿಸಿಹೋಗುತ್ತದೆ. ಕೆಂಪು ಆಯಿಲ್ ಪೇಂಟೇ ಹಚ್ಚಿ.

ಮುಂದೆ ನೀರು ಬಿಟ್ಟಾಗೆಲ್ಲ ಬರೆದಿಡಿ: ಎಷ್ಟು ಕ್ಯೂಸೆಕ್, ಎಷ್ಟು ತಾಸಿಗೆ ಬಂತು, ಗುಡಿಯ ಎಷ್ಟನೇ ಮೆಟ್ಟಿಲು ಮುಳುಗಿತು. ಹಳ್ಳದ ನೀರೂ ಸೇರಿದ್ದರೆ ಅದನ್ನೂ ಬರೆಯಿರಿ. ನಾಲ್ಕೈದು ಸಲ ಬರೆದರೆ ನಿಮ್ಮ ಊರಿನದೇ ಅಂದಾಜು ಸಿಗುತ್ತದೆ.

ಸುದ್ದಿ ಹೇಳುವಾಗ ತಾರೀಖು, ಹೊತ್ತು, ಮೆಟ್ಟಿಲು, ಎಲ್ಲಿಗೆ ಹೋಗಬೇಕು, ಇಷ್ಟೇ ಸಾಕು. ತಾರೀಖಿಲ್ಲದ ಫಾರ್ವರ್ಡ್ ಕಳಿಸಲೇಬೇಡಿ. ಹೋದ ವರ್ಷದ್ದು ಮತ್ತೆ ಓಡಾಡಿದರೆ ನಿಜವಾದದ್ದನ್ನೂ ಯಾರೂ ನಂಬಲ್ಲ. ಆಕಾಶ ನೋಡಿ ‘ಬಿಸಿಲಿದೆ’ ಅಂತ ಸುಮ್ನೆ ಕೂರುವವರಿಗೆ ನೆನಪಿಸಿ: ಮಲಪ್ರಭೆ ಹುಟ್ಟುವುದು ಖಾನಾಪುರದ ಕಣಕುಂಬಿಯಲ್ಲಿ, ಮಳೆ ಬೀಳುವುದು ಜಾಸ್ತಿ ಆ ಕಡೆ.

ಕರೆಂಟ್ ಹೋದರೆ ಗುಡಿಯ ಮೈಕ್ ಸತ್ತಂತೆ. ಅಗ್ಗದ ಚಾರ್ಜಿಂಗ್ ಮೆಗಾಫೋನ್ ನಂಬಬೇಡಿ. ಬೇಕಾದ ದಿನವೇ ಅದರ ಚಾರ್ಜ್ ಮುಗಿದಿರುತ್ತದೆ. ನನ್ನ ಕೇಳಿದರೆ ಡಂಗುರವೇ ವಾಸಿ. ಯಾವ ಓಣಿಗೆ ಯಾರು ಅಂತ ಜೂನ್‌ನಲ್ಲೇ ಗೊತ್ತುಮಾಡಿ.

ಎತ್ತರದಲ್ಲಿ ದನಗಳಿಗೂ ಒಂದು ಜಾಗ, ಎರಡು ದಿನದ ಮೇವು ಇರಲಿ. ಎಮ್ಮೆ ಕಟ್ಟಿದ್ದಲ್ಲೇ ಇದ್ದರೆ ನೀವು ಏನೇ ಹೇಳಿದರೂ ಅಜ್ಜಿ ಮನೆ ಬಿಟ್ಟು ಬರಲ್ಲ.