ಆಖೆನ್‌ಗೆ ಓದಲು ಹೋದಾಗ: ವಿಮಾನ, ರೈಲು, ಸೆಮೆಸ್ಟರ್ ಟಿಕೆಟ್

ಜರ್ಮನಿಗೆ ಓದಲು ಹೊರಟವರು ಮೊದಲು ಕೇಳುವುದು ಯಾವ ವಿಮಾನ ಅಗ್ಗ ಅಂತ. ನಾನು ಹೇಳುವುದು ಬೇರೆ. ರೂಮಿನ ಕೀ ಯಾವ ದಿನ, ಎಷ್ಟು ಗಂಟೆಗೆ ಸಿಗುತ್ತದೆ ಅಂತ ಮೊದಲು ಕೇಳಿಕೊಳ್ಳಿ. ವಿಮಾನದ ಮಾತು ಆಮೇಲೆ. ಆಖೆನ್‌ಗೆ ಮಾಸ್ಟರ್ಸ್ ಓದಲು ಹೊರಟಾಗ ನಾನು ಹೀಗೆ ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿದೆ.

ಅಲ್ಲಿನ ವಿದ್ಯಾರ್ಥಿ ಹಾಸ್ಟೆಲ್‌ಗಳಲ್ಲಿ ಕೀ ಕೊಡುವವರು ಸಾಮಾನ್ಯವಾಗಿ ಹೌಸ್‌ಮೈಸ್ಟರ್, ಅಂದರೆ ಕಟ್ಟಡ ನೋಡಿಕೊಳ್ಳುವವರು. ಅವರು ಸಿಗುವುದು ಕೆಲಸದ ದಿನಗಳಲ್ಲಿ, ಗೊತ್ತುಮಾಡಿದ ಹೊತ್ತಿನಲ್ಲಿ. ಶನಿವಾರ ರಾತ್ರಿ ಇಳಿದರೆ ಸೋಮವಾರದವರೆಗೆ ಬೇರೆಲ್ಲೋ ದುಡ್ಡು ಕೊಟ್ಟು ಇರಬೇಕು. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ. ಅಗ್ಗದ ಟಿಕೆಟ್‌ನಲ್ಲಿ ಉಳಿಸಿದ ದುಡ್ಡು ಅಲ್ಲೇ ಹೋಗುತ್ತದೆ. ಹಾಗಾಗಿ ವಾರದ ಮಧ್ಯೆ, ಬೆಳಿಗ್ಗೆ ಇಳಿಯುವ ವಿಮಾನವನ್ನೇ ಹುಡುಕಿದೆ.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೂ ಮ್ಯೂನಿಕ್‌ಗೂ ಲುಫ್ತಾನ್ಸಾದ ನೇರ ವಿಮಾನಗಳಿವೆ. ದೋಹಾ, ದುಬೈ, ಅಬುಧಾಬಿ ಮೇಲೆ ಹೋಗುವ ದಾರಿ ಹಲವು ಸಲ ಅಗ್ಗ. ಬದಲಿ ವಿಮಾನದ ದಾರಿ ಹಿಡಿದರೆ ಎರಡೂ ಹಾರಾಟಗಳು ಒಂದೇ ಬುಕಿಂಗ್‌ನಲ್ಲಿರಲಿ. ಬೇರೆ ಬೇರೆ ತೆಗೆದುಕೊಂಡರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಹೊಣೆ ನಿಮ್ಮದೇ ಆಗುತ್ತದೆ. ಕೆಲವು ಏರ್‌ಲೈನ್ಸ್‌ಗಳಲ್ಲಿ ವಿದ್ಯಾರ್ಥಿಗಳಿಗೆ ಬೇರೆ ದರವಿದೆ, ಲಗೇಜೂ ಜಾಸ್ತಿ ಸಿಗುತ್ತದೆ. ಅಡ್ಮಿಷನ್ ಪತ್ರ ಕೈಯಲ್ಲಿಟ್ಟುಕೊಂಡು ಕೇಳಿ ನೋಡಿ.

ಆಖೆನ್ ಬೆಲ್ಜಿಯಂ, ನೆದರ್ಲೆಂಡ್ಸ್ ಗಡಿಯ ಊರು. ಬ್ರಸೆಲ್ಸ್ ಅಥವಾ ಡ್ಯೂಸೆಲ್‌ಡಾರ್ಫ್‌ನಲ್ಲಿ ಇಳಿದರೂ ಆಗುತ್ತದೆ. ಜರ್ಮನಿಯ ಡಿ ವೀಸಾ, ಅಂದರೆ ದೀರ್ಘಕಾಲ ಇರುವ ವೀಸಾ, ಇದ್ದವರು ಬೆಲ್ಜಿಯಂನಲ್ಲೇ ಇಮಿಗ್ರೇಷನ್ ಮುಗಿಸಿ ಒಳಗೆ ಬರಬಹುದು, ಎರಡೂ ಒಂದೇ ವೀಸಾ ವಲಯವಾದ ಶೆಂಗೆನ್‌ನ ದೇಶಗಳೇ. ಆದರೂ ನಾನು ಆರಿಸಿದ್ದು ಫ್ರಾಂಕ್‌ಫರ್ಟ್. ಕಾರಣ ಅಲ್ಲಿನ ರೈಲು. ದೂರದ ರೈಲುಗಳ ನಿಲ್ದಾಣ ವಿಮಾನ ನಿಲ್ದಾಣಕ್ಕೇ ಅಂಟಿಕೊಂಡಿದೆ. ಅಲ್ಲಿಂದ ಕೊಲೋನ್‌ಗೆ ಐಸಿಇ ಅನ್ನುವ ವೇಗದ ರೈಲಿನಲ್ಲಿ ಸುಮಾರು 1 ಗಂಟೆ. 2002ರಲ್ಲಿ ಶುರುವಾದ ಆ ಹಳಿಯ ಮೇಲೆ ರೈಲು 300 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಬ್ರಸೆಲ್ಸ್‌ಗೆ ಹೋಗುವ ಐಸಿಇ ಸಿಕ್ಕಿದರೆ ಅದು ನೇರ ಆಖೆನ್ ಮೇಲೆಯೇ ಹೋಗುತ್ತದೆ. ಇಲ್ಲದಿದ್ದರೆ ಕೊಲೋನ್‌ನಲ್ಲಿ ಇಳಿದು ಆರ್‌ಇ1 ಅಥವಾ ಆರ್‌ಇ9 ಅನ್ನುವ ಪ್ರಾದೇಶಿಕ ರೈಲು ಹತ್ತಬೇಕು.

ಒಂದು ವಿಷಯ ಗಮನಿಸಿ. ಆ ವಿಮಾನ ನಿಲ್ದಾಣದಲ್ಲಿ ರೈಲು ನಿಲ್ದಾಣಗಳು ಎರಡು. ಟರ್ಮಿನಲ್ 1ರ ಕೆಳಗಿರುವುದು ರೆಗಿಯೊನಾಲ್‌ಬಾನ್‌ಹೋಫ್. ಅಲ್ಲಿಂದ ಎಸ್8, ಎಸ್9 ಲೋಕಲ್‌ಗಳು ಫ್ರಾಂಕ್‌ಫರ್ಟ್ ಊರೊಳಗೆ ಹೋಗುತ್ತವೆ. ಐಸಿಇ ಬರುವುದು ಫೆರ್ನ್‌ಬಾನ್‌ಹೋಫ್, ಅಂದರೆ ದೂರದ ರೈಲುಗಳ ನಿಲ್ದಾಣಕ್ಕೆ. ಬೋರ್ಡಿನಲ್ಲಿ ಈ ಹೆಸರನ್ನೇ ನೋಡಿಕೊಂಡು ನಡೆಯಬೇಕು.

ಈಗ ರೈಲು ಟಿಕೆಟ್. ಹೊಸಬರಿಗೆ ಇಲ್ಲೇ ಜಾಸ್ತಿ ನಷ್ಟವಾಗುವುದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜರ್ಮನ್ ರೈಲಿನಲ್ಲಿ ಸ್ಪಾರ್‌ಪ್ರೈಸ್ ಅನ್ನುವ ಅಗ್ಗದ ಟಿಕೆಟ್ ಇದೆ. ಮೊದಲೇ ತೆಗೆದರೆ ತುಂಬಾ ಕಡಿಮೆಗೆ ಸಿಗುತ್ತದೆ. ಆದರೆ ದೂರದ ರೈಲುಗಳಲ್ಲಿ ಅದು ನೀವು ಆರಿಸಿದ ಆ ಒಂದು ರೈಲಿಗೆ ಮಾತ್ರ ನಡೆಯುತ್ತದೆ. ರೈಲೇ ತಡವಾಗಿ, ನೀವು ಊರು ಮುಟ್ಟುವುದು 20 ನಿಮಿಷಕ್ಕಿಂತ ತಡವಾಗುವಂತಿದ್ದರೆ ಈ ಕಟ್ಟು ಸಡಿಲವಾಗುತ್ತದೆ, ಬೇರೆ ರೈಲು ಹತ್ತಬಹುದು. ವಿಮಾನ ತಡವಾದರೆ? ಆ ರಿಯಾಯಿತಿ ಇಲ್ಲ. ಇಮಿಗ್ರೇಷನ್ ಸಾಲು ಎಷ್ಟುದ್ದ ಇರುತ್ತದೆ, ಪೆಟ್ಟಿಗೆ ಯಾವಾಗ ಬರುತ್ತದೆ, ಯಾರಿಗೂ ಗೊತ್ತಿರುವುದಿಲ್ಲ ಅಲ್ವಾ? ಹಾಗಾಗಿ ಇಳಿಯುವ ದಿನಕ್ಕೆ ಅಗ್ಗದ ಟಿಕೆಟ್ ಬೇಡವೇ ಬೇಡ.

ಉಳಿಯುವ ದಾರಿಗಳು ಎರಡು. ಒಂದು ಫ್ಲೆಕ್ಸ್‌ಪ್ರೈಸ್, ಬೆಲೆ ಜಾಸ್ತಿ, ಆದರೆ ಆ ದಿನ ಯಾವ ರೈಲಾದರೂ ಆಗುತ್ತದೆ. ಇನ್ನೊಂದು ರೇಲ್ ಅಂಡ್ ಫ್ಲೈ. ವಿಮಾನದ ಟಿಕೆಟ್ ಜೊತೆಗೇ ರೈಲಿನ ಟಿಕೆಟ್ ಸೇರಿಸಿ ಕೊಡುತ್ತಾರೆ, ನಿರ್ದಿಷ್ಟ ರೈಲಿಗೆ ಕಟ್ಟುಹಾಕುವುದಿಲ್ಲ. ನಾನು ತೆಗೆದುಕೊಂಡದ್ದು ಇದನ್ನೇ. ಪೆಟ್ಟಿಗೆ ತಡವಾಗಿ ಬಂತು, ಒಂದು ರೈಲು ಹೋಯಿತು, ಮುಂದಿನದು ಹತ್ತಿದೆ.

ಬದಲಿಸುವ ಸಮಯದ ಬಗ್ಗೆಯೂ ಹೇಳಬೇಕು. ಜರ್ಮನ್ ರೈಲ್ವೆಯ ಡಿಬಿ ನ್ಯಾವಿಗೇಟರ್ ಆ್ಯಪ್ 6-7 ನಿಮಿಷದಲ್ಲಿ ರೈಲು ಬದಲಿಸುವ ದಾರಿಯನ್ನೂ ತೋರಿಸುತ್ತದೆ. ಬೆನ್ನಿಗೊಂದು ಚೀಲ ಇದ್ದವರಿಗೆ ಅದು ಸಾಕು. 23 ಕಿಲೋದ ಎರಡು ಸೂಟ್‌ಕೇಸ್ ಎಳೆಯುವವರಿಗೆ ಸಾಲದು. ಲಿಫ್ಟ್ ಕೆಟ್ಟಿರಬಹುದು, ಪ್ಲಾಟ್‌ಫಾರ್ಮ್ ಕೊನೆ ಗಳಿಗೆಯಲ್ಲಿ ಬದಲಾಗಬಹುದು. ಆ್ಯಪ್‌ನಲ್ಲೇ ಬದಲಿಸುವ ಸಮಯ ಹೆಚ್ಚಿಸಿಕೊಳ್ಳುವ ಆಯ್ಕೆ ಇದೆ. ನಾನು ಅರ್ಧ ಗಂಟೆ ಇಟ್ಟುಕೊಂಡಿದ್ದೆ. ಇನ್ನೊಂದು, ಕೆಲವು ರೈಲುಗಳು ದಾರಿಯಲ್ಲಿ ಎರಡು ತುಂಡಾಗಿ ಬೇರೆ ಬೇರೆ ಊರಿಗೆ ಹೋಗುತ್ತವೆ. ಬರ್ಲಿನ್ ಕಡೆಯಿಂದ ಬರುವ ಐಸಿಇಗಳು ಹಾಮ್‌ನಲ್ಲಿ ಹಾಗೆ ಬೇರೆಯಾಗುವುದುಂಟು. ಹತ್ತುವಾಗ ಬೋಗಿಯ ಮೇಲೆ ಬರೆದ ಊರಿನ ಹೆಸರು ಓದಿಕೊಳ್ಳಿ. ರೈಲು 60 ನಿಮಿಷ ತಡವಾದರೆ ಟಿಕೆಟ್ ದುಡ್ಡಿನಲ್ಲಿ 25 ಶೇಕಡಾ, 120 ನಿಮಿಷವಾದರೆ 50 ಶೇಕಡಾ ವಾಪಸ್ ಕೇಳಬಹುದು. ಸುಮ್ನೆ ಬಿಡಬೇಡಿ, ವಿದ್ಯಾರ್ಥಿಗೆ ಅದು ದೊಡ್ಡ ದುಡ್ಡೇ.

ಊರು ಸೇರಿದ ಮೇಲಿನ ಮುಖ್ಯ ವಿಷಯ ಸೆಮೆಸ್ಟರ್ ಟಿಕೆಟ್. 2023ರ ಮೇ ತಿಂಗಳಲ್ಲಿ ಜರ್ಮನಿಯಲ್ಲಿ ಡಾಯ್ಚ್‌ಲಂಡ್ ಟಿಕೆಟ್ ಶುರುವಾಯಿತು. ಆಗ ತಿಂಗಳಿಗೆ 49 ಯೂರೊ, 2025ರಲ್ಲಿ 58 ಆಯಿತು. ದೇಶದಾದ್ಯಂತ ಬಸ್, ಟ್ರಾಮ್, ಮೆಟ್ರೊ, ಪ್ರಾದೇಶಿಕ ರೈಲು ಎಲ್ಲದಕ್ಕೂ ಅದೊಂದೇ ಸಾಕು. ಇದರದೇ ವಿದ್ಯಾರ್ಥಿ ರೂಪವಾದ ಈಗಿನ ಸೆಮೆಸ್ಟರ್ ಟಿಕೆಟ್ 2024ರ ಬೇಸಿಗೆ ಸೆಮೆಸ್ಟರ್‌ನಿಂದ ಬಂತು. ಬೆಲೆ ಮೂಲ ಟಿಕೆಟ್‌ನ 60 ಶೇಕಡಾ. ಈ ಒಪ್ಪಂದಕ್ಕೆ ಸೇರಿದ ವಿಶ್ವವಿದ್ಯಾಲಯಗಳಲ್ಲಿ ಸೆಮೆಸ್ಟರ್ ಶುಲ್ಕದ ಜೊತೆಗೇ ಕಟ್ಟಿಸಿಕೊಳ್ಳುತ್ತಾರೆ. ಸೇರದವೂ ಇವೆ. ಅಡ್ಮಿಷನ್ ಎರಡು ಕಡೆ ಸಿಕ್ಕಿದ್ದರೆ ಇದನ್ನೂ ತೂಗಿ ನೋಡಿ.

ಆದರೆ ಚಳಿಗಾಲದ ಸೆಮೆಸ್ಟರ್ ವಿಶ್ವವಿದ್ಯಾಲಯಗಳಲ್ಲಿ ಶುರುವಾಗುವುದು ಅಕ್ಟೋಬರ್ 1ಕ್ಕೆ. ನಮ್ಮವರು ಬಂದಿಳಿಯುವುದು ಸೆಪ್ಟೆಂಬರ್‌ನಲ್ಲಿ. ಶುಲ್ಕ ಕಟ್ಟಿದ್ದರೂ ಅಲ್ಲಿಯವರೆಗೆ ಆ ಟಿಕೆಟ್ ನಡೆಯುವುದಿಲ್ಲ. ಹಾಗಾದರೆ ಒಂದು ತಿಂಗಳಿಗೆ ಮಾಮೂಲಿ ಡಾಯ್ಚ್‌ಲಂಡ್ ಟಿಕೆಟ್ ತೆಗೆದರಾಯಿತು ಅನ್ನಿಸುತ್ತದೆ. ಅದು ಚಂದಾ ಲೆಕ್ಕದ್ದು. ತಿಂಗಳ ಕೊನೆಗೆ ನಿಲ್ಲಿಸಬೇಕಾದರೆ ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಬೇಕು, ಇದು ಸಾಮಾನ್ಯ ನಿಯಮ. ಸೆಪ್ಟೆಂಬರ್ ಮಧ್ಯದಲ್ಲಿ ತೆಗೆದರೆ ಆ ದಿನ ದಾಟಿರುತ್ತದೆ, ಅಕ್ಟೋಬರ್‌ಗೂ ದುಡ್ಡು ಹೋಗುತ್ತದೆ. ನಾನು ಮಧ್ಯದಲ್ಲಿ ಬಂದವನು, ಹಾಗಾಗಿ ಬಿಡಿ ಟಿಕೆಟ್‌ಗಳಲ್ಲೇ ಕಳೆದೆ. ಆಖೆನ್ ದೊಡ್ಡ ಊರಲ್ಲ, ಟ್ರಾಮ್ ಇಲ್ಲ, ಬಸ್ಸೇ ಎಲ್ಲ. ಊರ ನಡುವೆ ಇದ್ದರೆ ಅರ್ಧ ಓಡಾಟ ಕಾಲ್ನಡಿಗೆಯಲ್ಲೇ ಮುಗಿಯುತ್ತದೆ.

ಕಾಗದದ ಟಿಕೆಟ್ ಕೊಂಡರೆ ಅದಕ್ಕೆ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕೇ ಅಂತ ನೋಡಿ. ಬೇಕಿದ್ದಾಗ ಒತ್ತಿಸದಿದ್ದರೆ ಟಿಕೆಟ್ ಇಲ್ಲದಂತೆಯೇ, ದಂಡ 60 ಯೂರೊ. ತಪಾಸಣೆಯವರು ಎಷ್ಟೋ ಸಲ ಮಾಮೂಲಿ ಬಟ್ಟೆಯಲ್ಲಿರುತ್ತಾರೆ. ಸೆಮೆಸ್ಟರ್ ಟಿಕೆಟ್ ಫೋನಿನಲ್ಲಿರುತ್ತದೆ, ಚಾರ್ಜ್ ಮುಗಿದರೆ ತೋರಿಸಲು ಏನೂ ಇರುವುದಿಲ್ಲ. ಜೊತೆಗೆ ಫೋಟೊ ಇರುವ ಗುರುತಿನ ಚೀಟಿಯೂ ಬೇಕು.

ಅಕ್ಟೋಬರ್ ಬಂದ ಮೇಲೆ ಓಡಾಟ ಸಲೀಸು. ಆರ್‌ಇ1 ಒಂದರಲ್ಲೇ ಕೊಲೋನ್, ಡ್ಯೂಸೆಲ್‌ಡಾರ್ಫ್, ಎಸೆನ್, ಡಾರ್ಟ್‌ಮುಂಡ್ ತಲುಪಬಹುದು, ಕೈಯಿಂದ ಒಂದು ಸೆಂಟ್ ಕೊಡದೆ. ಐಸಿಇ, ಐಸಿಯಂಥ ದೂರದ ರೈಲುಗಳಿಗೆ ಈ ಟಿಕೆಟ್ ನಡೆಯುವುದಿಲ್ಲ ಅನ್ನುವುದು ನೆನಪಿರಲಿ. ಆ್ಯಪ್‌ನಲ್ಲಿ ಪ್ರಾದೇಶಿಕ ರೈಲು ಮಾತ್ರ ತೋರಿಸು ಅಂತ ಆರಿಸಿಟ್ಟುಕೊಂಡರೆ ಗೊಂದಲವಿಲ್ಲ. ಬರ್ಲಿನ್‌ನಷ್ಟು ದೂರಕ್ಕೆ ಮೊದಲೇ ತೆಗೆದ ಸ್ಪಾರ್‌ಪ್ರೈಸ್ ಒಳ್ಳೆಯದು, ಇಲ್ಲವೇ ಫ್ಲಿಕ್ಸ್‌ಬಸ್ ಅನ್ನುವ ದೂರದ ಬಸ್. ಪದೇ ಪದೇ ದೂರ ಹೋಗುವವರಿಗೆ ಬಾನ್‌ಕಾರ್ಡ್ ಅನ್ನುವ ರಿಯಾಯಿತಿ ಕಾರ್ಡ್ ಇದೆ, 27 ವರ್ಷದೊಳಗಿನವರಿಗೆ ಕಡಿಮೆ ಬೆಲೆಗೆ. ಅದು ತಾನಾಗಿಯೇ ಮುಂದುವರಿಯುತ್ತದೆ, ಹಾಗಾಗಿ ಕೊಂಡ ದಿನವೇ ರದ್ದು ಮಾಡುವ ತಾರೀಖು ಬರೆದಿಡಿ.

ನೆದರ್ಲೆಂಡ್ಸ್, ಬೆಲ್ಜಿಯಂ ಗಡಿ ಬಸ್ಸಿನಲ್ಲೇ ದಾಟಬಹುದು. ಸುಮ್ನೆ ಸಂಜೆ ಸುತ್ತಲು ಹೋದರೂ ಪಾಸ್‌ಪೋರ್ಟ್, ರೆಸಿಡೆನ್ಸ್ ಪರ್ಮಿಟ್ ಜೊತೆಗಿರಲಿ. ಸೈಕಲ್ ಕೊಳ್ಳುವವರು ಎರಡು ಬ್ರೇಕ್, ಬೆಲ್, ಮುಂದೆ ಹಿಂದೆ ಲೈಟ್ ಇದೆಯೇ ನೋಡಿ ಕೊಳ್ಳಿ, ಅಲ್ಲಿ ಅದು ಕಾನೂನು. ರೈಲಿನಲ್ಲಿ ಸೈಕಲ್ ಒಯ್ಯಲು ಸೆಮೆಸ್ಟರ್ ಟಿಕೆಟ್ ಸಾಕು ಅಂದುಕೊಳ್ಳಬೇಡಿ, ಎಷ್ಟೋ ಕಡೆ ಸೈಕಲ್‌ಗೆ ಬೇರೆ ಟಿಕೆಟ್ ಬೇಕು. ಕಾರು ಓಡಿಸುವ ಆಸೆ ಇದ್ದರೆ, ನಮ್ಮ ಲೈಸೆನ್ಸ್ ಅಲ್ಲಿ ನೆಲೆಸಿದ ಮೇಲೆ ನಡೆಯುವುದು 6 ತಿಂಗಳು. ಆಮೇಲೆ ಜರ್ಮನ್ ಲೈಸೆನ್ಸ್‌ಗೆ ಪರೀಕ್ಷೆ ಬರೆಯಬೇಕು, ಓಡಿಸಿಯೂ ತೋರಿಸಬೇಕು.